ಟೆಂಟಿನ ಹೊರಗೆ ಕರಡಿ ಬಂದಾಗ ಪ್ರಾರ್ಥಿಸುತ್ತಾ ಸುಮ್ಮನೆ ಮಲಗಿರಬೇಕೇ?

ಓದುಗರ ಪ್ರಶ್ನೆ: ಕಾಡಿನಲ್ಲಿ ಟೆಂಟ್ ಹಾಕಿ ಮಲಗಿದ್ದಾಗ ನಡುರಾತ್ರಿ ಹೊರಗೆ ಕರಡಿ ಬಂದರೆ ಏನು ಮಾಡಬೇಕು? ದೇವರ ಮೇಲೆ ಭಾರ ಹಾಕಿ ಅಲುಗಾಡದೆ ಮಲಗಿರುವುದೇ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ಕರಡಿ ಓಡಿಸುವ ಖಾರದ ಸ್ಪ್ರೇ, ಆಹಾರ ತೂಗಹಾಕುವ ಹಗ್ಗ, ಆಹಾರದ ಡಬ್ಬಿ ಎಂದು ಸಿದ್ಧತೆ ಮಾಡಿಕೊಂಡು ಹೋದರೆ ನಂಬಿಕೆ ಸಾಲದು ಎಂದಾಗುತ್ತದೆಯೇ?

ಪ್ರಾರ್ಥಿಸಿ. ಆದರೆ ಸುಮ್ಮನೆ ಮಲಗಿರಬೇಡಿ, ಎದ್ದು ಕೂತು ಬಾಯಿಬಿಟ್ಟು ಮಾತಾಡಿ. ಒಳಗಿರುವುದು ಮನುಷ್ಯ ಎಂದು ಕರಡಿಗೆ ತಿಳಿಯಬೇಕು, ಆ ಹೊತ್ತಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಟೆಂಟಿನ ಹತ್ತಿರ ಸುಳಿಯುವ ಕರಡಿ ಹೆಚ್ಚಿನ ಸಲ ಬಂದಿರುವುದು ವಾಸನೆಯ ಜಾಡು ಹಿಡಿದು. ಕತ್ತಲಲ್ಲಿ, ತೆಳ್ಳನೆಯ ಬಟ್ಟೆಯ ಆಚೆ, ಅಲುಗಾಡದೆ ಬಿದ್ದಿರುವ ದೇಹ ಅದರ ಪಾಲಿಗೆ ಮೂಸಿ ನೋಡಬೇಕಾದ ಇನ್ನೊಂದು ಗಂಟು. ಮನುಷ್ಯರ ದನಿ ಕೇಳಿದರೆ ದೂರ ಸರಿಯುವ ಕರಡಿಗಳೇ ಜಾಸ್ತಿ.

ಮೊದಲು ಮಲಗುವ ಚೀಲದ ಜಿಪ್ ಪೂರ್ತಿ ಬಿಚ್ಚಿ ಕಾಲು ಹೊರಗೆ ತೆಗೆಯಿರಿ. ಚೀಲದೊಳಗೆ ಕಾಲು ಸಿಕ್ಕಿಕೊಂಡವರು ಬೇಕೆಂದಾಗ ಎದ್ದು ನಿಲ್ಲಲಾರರು. ಪಕ್ಕದಲ್ಲಿರುವವರನ್ನು ಭುಜ ಮುಟ್ಟಿ ಎಬ್ಬಿಸಿ. ಮಕ್ಕಳಿದ್ದರೆ ಟೆಂಟಿನ ಗೋಡೆಯಿಂದ ದೂರಕ್ಕೆ, ನಡುವಿಗೆ ಎಳೆದುಕೊಳ್ಳಿ. ಟಾರ್ಚ್ ಹಚ್ಚಿ. ಸ್ಪ್ರೇ ಡಬ್ಬಿ ಕೈಗೆ ತೆಗೆದುಕೊಂಡು ಹೆಬ್ಬೆರಳನ್ನು ಸೇಫ್ಟಿ ಕ್ಲಿಪ್ಪಿನ ಮೇಲಿಡಿ, ಆದರೆ ಕ್ಲಿಪ್ ಆಗಲೇ ತೆಗೆಯಬೇಡಿ, ಗಾಬರಿಯಲ್ಲಿ ಒಳಗೇ ಒತ್ತಿಬಿಟ್ಟರೆ ಮೊದಲು ಕಣ್ಣು ಉರಿದು ಏನೂ ಕಾಣದಂತಾಗುವವರು ನೀವೇ. ಆಮೇಲೆ ತಗ್ಗಿದ, ಗಟ್ಟಿ ದನಿಯಲ್ಲಿ ಮಾತಾಡಿ. ಕಿರುಚಬೇಡಿ. ಏನು ಬಂದಿದೆ ನೋಡೋಣ ಎಂದು ಜಿಪ್ ತೆರೆದು ಇಣುಕಬೇಡಿ. ಕರಡಿ ಹೊರಗಿನ ಸಾಮಾನು ಕೆದಕುತ್ತಲೇ ಇದ್ದರೆ ಸೀಟಿ ಊದಿ, ತಟ್ಟೆ ಪಾತ್ರೆ ಬಡಿದು ಸದ್ದು ಹೆಚ್ಚಿಸಿ. ಅದು ಹೋದ ಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಎಲ್ಲರೂ ಒಟ್ಟಿಗೆ ಹೊರಬಂದು ವಾಹನಕ್ಕೋ ಗಟ್ಟಿ ಕಟ್ಟಡಕ್ಕೋ ಹೋಗಿ.

ಇದನ್ನೆಲ್ಲ ಮೀರಿ ಕರಡಿ ಟೆಂಟಿಗೇ ಕೈ ಹಾಕಿದರೆ ಅದು ಯಾವ ಜಾತಿಯದಾದರೂ ಹೊಡೆದಾಡಬೇಕು. ರಾತ್ರಿ ಮಲಗಿದವರನ್ನು ಹುಡುಕಿ ಬಂದ ಕರಡಿ ತನ್ನ ಮರಿಯನ್ನೋ ಜಾಗವನ್ನೋ ಕಾಯುತ್ತಿಲ್ಲ, ನಿಮ್ಮನ್ನು ಬೇಟೆ ಎಂದು ನೋಡುತ್ತಿದೆ. ಅಲ್ಲಿ ಸತ್ತಂತೆ ಬಿದ್ದಿರುವುದು ತಪ್ಪು. ಮೂತಿಗೆ, ಮೂಗಿಗೆ, ಕಣ್ಣಿಗೆ ಕೈಗೆ ಸಿಕ್ಕಿದ್ದರಿಂದ ಹೊಡೆಯಿರಿ, ಕೂಗಿ, ಬೇರೆ ದಾರಿ ಇಲ್ಲದಿದ್ದರೆ ಒಳಗಿಂದಲೇ ಸ್ಪ್ರೇ ಮಾಡಿ. ನಿಮಗೂ ಕಣ್ಣು, ಗಂಟಲು ಉರಿಯುತ್ತದೆ. ಆದರೂ ಆಗ ಅದೇ ಸರಿ.

ಪ್ರಾರ್ಥನೆಯ ವಿಷಯಕ್ಕೆ ಬರೋಣ. ಮಾತಾಡಿ ಎಂದು ಹೇಳುವುದು ಸುಲಭ, ಆ ಹೊತ್ತಿನಲ್ಲಿ ಏನು ಮಾತಾಡಬೇಕೆಂದು ತೋಚುವುದಿಲ್ಲ. ನಾಲಿಗೆ ಒಣಗಿರುತ್ತದೆ, ಬೆರಳು ನಡುಗುತ್ತಿರುತ್ತದೆ. ಬಾಯಿಪಾಠವಾಗಿರುವ ಪ್ರಾರ್ಥನೆ, ಜಪ, ಸ್ತೋತ್ರ, ಕೀರ್ತನೆ, ನಿಮ್ಮ ಮನೆಯಲ್ಲಿ ನಡೆದುಬಂದದ್ದು ಯಾವುದಿದೆಯೋ ಅದು ಆಗ ತಾನಾಗಿ ಬಾಯಿಗೆ ಬರುತ್ತದೆ. ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಡಿ, ಹೊರಗೆ ಕೇಳುವಂತೆ, ನಿಧಾನವಾಗಿ, ಸಾಲು ಮುಗಿಯುವವರೆಗೆ ಒಂದೇ ಉಸಿರಿನಲ್ಲಿ ಹೇಳಿ. ಉಸಿರು ಬಿಡುವ ಹೊತ್ತು ಎಳೆದುಕೊಳ್ಳುವ ಹೊತ್ತಿಗಿಂತ ಉದ್ದವಾದಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಇಳಿಯುತ್ತದೆ. ನಾಲ್ಕು ಎಣಿಸುವಷ್ಟು ಎಳೆದು, ಆರು ಎಣಿಸುವಷ್ಟು ಬಿಟ್ಟರೂ ಸಾಕು. ಕೈ ನಡುಕ ಕಡಿಮೆಯಾದರೆ ಕ್ಲಿಪ್ ತೆಗೆಯಲು ಬರುತ್ತದೆ. ನಾಲ್ಕು ಜನ ಒಟ್ಟಿಗೆ ಹೇಳಿದರೆ ಒಳಗೆ ನಾಲ್ಕು ಜನ ಇದ್ದಾರೆ ಎಂಬುದು ಹೊರಗಿರುವ ಪ್ರಾಣಿಗೂ ಗೊತ್ತಾಗುತ್ತದೆ, ಅಳುತ್ತಿರುವ ಮಗುವಿಗೂ ಗೊತ್ತಾಗುತ್ತದೆ.

ಹಗಲಲ್ಲಿ ಎದುರಾದರೆ ಇನ್ನೂ ಕಷ್ಟದ ಕೆಲಸವೊಂದಿದೆ: ಓಡದೆ ನಿಲ್ಲುವುದು. ಕಂದು ಕರಡಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಜಗತ್ತಿನ ಅತಿ ವೇಗದ ಓಟಗಾರ ಕೂಡ 45 ಮುಟ್ಟಿಲ್ಲ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಮರ ಹತ್ತಿ ಪ್ರಯೋಜನವಿಲ್ಲ, ಕಪ್ಪು ಕರಡಿಗಳು ನಮಗಿಂತ ಚೆನ್ನಾಗಿ ಹತ್ತುತ್ತವೆ. ಹಿಂಗಾಲಿನ ಮೇಲೆ ಎದ್ದು ನಿಂತ ಕರಡಿಯ ಚಿತ್ರ ಎಲ್ಲರನ್ನೂ ಹೆದರಿಸುತ್ತದೆ, ಆದರೆ ಅದು ನಿಂತಿರುವುದು ಚೆನ್ನಾಗಿ ನೋಡಲು, ಗಾಳಿ ಮೂಸಲು. ಎಚ್ಚರ ವಹಿಸಬೇಕಾದ್ದು ಬುಸುಗುಟ್ಟುವ ಉಸಿರಿಗೆ, ದವಡೆ ಕಟಕಟ ಎನ್ನಿಸುವುದಕ್ಕೆ, ನೆಲಕ್ಕೆ ಅಪ್ಪಳಿಸುವ ಪಂಜಕ್ಕೆ. ಇಷ್ಟು ಹತ್ತಿರ ಸಾಕು ಎಂದು ಅದು ಹೇಳುತ್ತಿದೆ. ಅದು ನಿಂತಲ್ಲೇ ಇದ್ದರೆ ಅದರತ್ತ ಮುಖ ಮಾಡಿಕೊಂಡೇ, ಮೆಲುದನಿಯಲ್ಲಿ ಮಾತಾಡುತ್ತಾ, ಓರೆಯಾಗಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ನಿಮ್ಮನ್ನು ನೋಡಿ ಅದೂ ಹೆಜ್ಜೆ ಮುಂದಿಟ್ಟರೆ ನಿಂತುಬಿಡಿ. ಮರಿಗೂ ತಾಯಿಗೂ ನಡುವೆ ಮಾತ್ರ ಎಂದಿಗೂ ಹೋಗಬೇಡಿ.

ನುಗ್ಗಿ ಬಂದರೂ ಅದೇ ಮಾತು, ಓಡಬೇಡಿ. ಎಷ್ಟೋ ಸಲ ಅದು ಹೆದರಿಸುವ ನುಗ್ಗಾಟ. ತಲೆ, ಕಿವಿ ಎತ್ತಿಕೊಂಡು ಜಿಗಿಜಿಗಿದು ಬಂದು, ನಡುವೆ ಗಕ್ಕನೆ ನಿಂತು ಪಕ್ಕಕ್ಕೆ ತಿರುಗಿಬಿಡುತ್ತದೆ. ಆ ಎರಡು ಮೂರು ಸೆಕೆಂಡು ಕಾಲು ಕೀಳದೆ ನಿಲ್ಲಲು ತಿಳಿವಳಿಕೆ ಒಂದೇ ಸಾಲದು. ನಂಬಿಕೆ ಇರುವವರಿಗೆ ಅದು ನಿಜಕ್ಕೂ ಬೆನ್ನಿಗೆ ಬರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಬೇರ್ ಸ್ಪ್ರೇ ಎಂದರೆ ಮೆಣಸಿನ ಖಾರದ ಸತ್ವ ತುಂಬಿದ ಡಬ್ಬಿ. ಕ್ಯಾಪ್ಸೈಸಿನ್ ಮತ್ತು ಅದರ ಜೊತೆಯ ಖಾರದ ಅಂಶಗಳು 1ರಿಂದ 2 ಶೇಕಡಾ ಇರಬೇಕು, ಡಬ್ಬಿ 225 ಗ್ರಾಂಗಿಂತ ಚಿಕ್ಕದಿರಬಾರದು, ಧಾರೆ ಏಳೂವರೆ ಮೀಟರಾದರೂ ಹೋಗಬೇಕು. ಮನುಷ್ಯರ ಮೇಲೆ ಬಳಸುವ ಚಿಕ್ಕ ಪೆಪ್ಪರ್ ಸ್ಪ್ರೇ ಇದಕ್ಕೆ ಬದಲಿ ಅಲ್ಲ. ನುಗ್ಗಿ ಬರುವ ಕರಡಿ ಸುಮಾರು 9 ಮೀಟರ್ ದೂರ ಇರುವಾಗ, ಡಬ್ಬಿಯ ಮೂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಎರಡು ಮೂರು ಸೆಕೆಂಡು ಒತ್ತಿ. ನಿಮ್ಮಿಬ್ಬರ ನಡುವೆ ಖಾರದ ಮೋಡವೊಂದು ನಿಲ್ಲಬೇಕು, ಅದರೊಳಗೆ ಕರಡಿ ತಾನಾಗಿ ನುಗ್ಗುತ್ತದೆ. ನಿಲ್ಲದಿದ್ದರೆ ಮತ್ತೆ ಮುಖಕ್ಕೇ ಒತ್ತಿ. ಡಬ್ಬಿ ಖಾಲಿಯಾಗಲು ಕೆಲವೇ ಸೆಕೆಂಡು ಸಾಕು ಎಂಬುದು ನೆನಪಿರಲಿ.

ಸ್ಪ್ರೇ ಕೈಕೊಡುವುದು ಹೆಚ್ಚಾಗಿ ಡಬ್ಬಿಯ ದೋಷದಿಂದಲ್ಲ. ಬೆನ್ನಚೀಲದ ತಳದಲ್ಲಿಟ್ಟರೆ ಸಮಯಕ್ಕೆ ಸಿಗುವುದಿಲ್ಲ, ಸೊಂಟದಲ್ಲೋ ಎದೆಯ ಪಟ್ಟಿಯಲ್ಲೋ ಇರಲಿ. ರಾತ್ರಿ ತಲೆಯ ಪಕ್ಕ ದಿನವೂ ಅದೇ ಜಾಗದಲ್ಲಿ ಇರಲಿ. ಅವಧಿ ಮುಗಿದ ಡಬ್ಬಿಯಲ್ಲಿ ಒತ್ತಡ ಕಡಿಮೆಯಾಗಿರಬಹುದು, ಮೂರು ನಾಲ್ಕು ವರ್ಷಕ್ಕೆ ಬದಲಿಸಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಸಿಡಿಯಬಹುದು. ಎದುರುಗಾಳಿ ಇದ್ದರೆ ಖಾರ ನಿಮ್ಮ ಮುಖಕ್ಕೇ ಬರುತ್ತದೆ. ಸೊಳ್ಳೆ ಔಷಧಿಯಂತೆ ಟೆಂಟಿಗೆ ಹೊಡೆಯುವವರೂ ಇದ್ದಾರೆ. ಅದು ಕೆಲಸ ಮಾಡುವುದಿಲ್ಲ, ಒಣಗಿದ ಮೇಲೆ ಉಳಿಯುವ ವಾಸನೆ ಕರಡಿಯನ್ನು ಕರೆಯಲೂಬಹುದು. ವಿಮಾನದಲ್ಲಿ ಒಯ್ಯುವಂತಿಲ್ಲ, ಕೆಲವು ದೇಶಗಳಲ್ಲಿ ಇಟ್ಟುಕೊಳ್ಳುವುದಕ್ಕೇ ನಿರ್ಬಂಧವಿದೆ. ಖಾರವಿಲ್ಲದ ಅಭ್ಯಾಸದ ಡಬ್ಬಿ ಸಿಗುತ್ತದೆ, ಅದರಲ್ಲಿ ಕಣ್ಣು ಮುಚ್ಚಿ ಕ್ಲಿಪ್ ತೆಗೆಯುವುದನ್ನು ಹತ್ತಾರು ಸಲ ಮಾಡಿ.

ಮೈಮೇಲೆ ಬಿದ್ದರೆ? ಇಲ್ಲಿ ಜಾತಿ ಮುಖ್ಯ. ಬಣ್ಣ ನಂಬಬೇಡಿ, ಕಪ್ಪು ಕರಡಿ ಎಂಬ ಹೆಸರಿನದು ಕಂದು ಬಣ್ಣದಲ್ಲೂ ಇರುತ್ತದೆ. ಭುಜದ ಮೇಲೆ ಡುಬ್ಬ, ಒಳಕ್ಕೆ ತಗ್ಗಿದ ಮುಖ, ಚಿಕ್ಕ ದುಂಡು ಕಿವಿ ಇದ್ದರೆ ಕಂದು ಕರಡಿ. ಗ್ರಿಜ್ಲಿಯೂ ಅದೇ ಜಾತಿ. ಬೆಚ್ಚಿಬಿದ್ದು ಅಥವಾ ಮರಿಗಾಗಿ ಅದು ಮೇಲೆ ಬಿದ್ದಾಗ ಬೋರಲಾಗಿ ಮಲಗಿ, ಬೆನ್ನಚೀಲ ಬಿಚ್ಚದೆ, ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮಗುಚಲು ಆಗದಂತೆ ಕಾಲು ಅಗಲಿಸಿ. ಅದು ಪೂರ್ತಿ ಹೋಗುವವರೆಗೆ ಏಳಬೇಡಿ. ಬಿಡದೆ ಕಚ್ಚುತ್ತಲೇ ಇದ್ದರೆ ಮಾತ್ರ ತಿರುಗಿ ಹೊಡೆಯಿರಿ. ಡುಬ್ಬವಿಲ್ಲದ, ನೇರ ಮೂತಿಯ ಅಮೆರಿಕದ ಕಪ್ಪು ಕರಡಿಯಾದರೆ ಮೊದಲಿನಿಂದಲೇ ಹೊಡೆದಾಡಿ. ಕರಡಿ ಎಂದಾಗ ನಮ್ಮ ಕಣ್ಣಮುಂದೆ ಬರುವ ಜೂಲುಗೂದಲಿನ, ಗೆದ್ದಲು ತಿನ್ನುವ ಕರಡಿಯ ಕಥೆ ಬೇರೆ. ಅದು ಹುತ್ತ ಕೆದಕುವುದರಲ್ಲಿ ಮುಳುಗಿದ್ದಾಗ ನಾವು ಹತ್ತಿರ ಹೋಗಿಬಿಟ್ಟರೆ ಬೆಚ್ಚಿ ಮೇಲೆರಗುತ್ತದೆ, ತಲೆ ಮುಖಕ್ಕೇ ಬಾಯಿ ಹಾಕುತ್ತದೆ. ಗುಂಪಾಗಿ ಸದ್ದು ಮಾಡುತ್ತಾ ನಡೆಯುವುದೇ ಅದಕ್ಕೆ ಮದ್ದು. ಬಿದ್ದರೆ ಮುಖ ನೆಲಕ್ಕೆ ಮಾಡಿ ಕತ್ತು ಮುಚ್ಚಿಕೊಳ್ಳಬೇಕು.

ಇನ್ನು ಸಿದ್ಧತೆ ಮತ್ತು ನಂಬಿಕೆ. ಆಹಾರದ ಚೀಲವನ್ನು ತಲೆದಿಂಬು ಮಾಡಿಕೊಂಡು, ದೇವರೇ ಕಾಪಾಡು ಎಂದು ಮಲಗುವುದು ದೇವರನ್ನು ಪರೀಕ್ಷೆಗೆ ಒಡ್ಡಿದಂತೆ. ಅಡುಗೆಯ ಜಾಗವೂ ಆಹಾರ ಇಡುವ ಜಾಗವೂ ಟೆಂಟಿನಿಂದ 90 ಮೀಟರ್ ದೂರ, ಗಾಳಿ ಟೆಂಟಿನ ಕಡೆಯಿಂದ ಅತ್ತ ಬೀಸುವಂತೆ ಇರಬೇಕು. ಆಹಾರ ಎಂದರೆ ತಿನ್ನುವುದಷ್ಟೇ ಅಲ್ಲ: ಟೂತ್‌ಪೇಸ್ಟ್, ಸೋಪು, ತುಟಿಗೆ ಹಚ್ಚುವ ಮುಲಾಮು, ಔಷಧಿ, ಕಸ, ಅಡುಗೆ ಮಾಡುವಾಗ ತೊಟ್ಟ ಅಂಗಿ, ಎಲ್ಲವೂ ಅಲ್ಲೇ. ಮರಕ್ಕೆ ತೂಗಹಾಕುವುದಾದರೆ 15 ಮೀಟರ್ ಹಗ್ಗ ಬೇಕು. ಚೀಲ ನೆಲದಿಂದ ಮೂರು ನಾಲ್ಕು ಮೀಟರ್ ಎತ್ತರದಲ್ಲಿ, ಕಾಂಡದಿಂದ 1.2 ಮೀಟರಾದರೂ ಆಚೆ ತೂಗಬೇಕು. ಬೆಳಕಿರುವಾಗಲೇ ಮಾಡಿ. ಕತ್ತಲಾದ ಮೇಲೆ ತೂಗುಹಾಕಿದ್ದು ಬೆಳಿಗ್ಗೆ ನೋಡಿದರೆ ಕೈಗೆಟಕುವಷ್ಟು ಕೆಳಗಿರುತ್ತದೆ. ಕರಡಿಗೆ ತೆರೆಯಲಾಗದ ಗಟ್ಟಿ ಪ್ಲಾಸ್ಟಿಕ್ಕಿನ ಆಹಾರದ ಡಬ್ಬಿ (ಕ್ಯಾನಿಸ್ಟರ್) ಇನ್ನೂ ಉತ್ತಮ, ಅದನ್ನು ಸಮತಟ್ಟು ನೆಲದಲ್ಲಿ ಹಾಗೇ ಇಟ್ಟರಾಯಿತು. ಹಗ್ಗ ಕಟ್ಟಿದರೆ ಕರಡಿ ಎಳೆದುಕೊಂಡು ಹೋಗುತ್ತದೆ, ಇಳಿಜಾರಿನಲ್ಲಿಟ್ಟರೆ ಉರುಳಿ ಹೊಳೆಗೆ ಬೀಳುತ್ತದೆ, ಮುಚ್ಚಳ ಅರೆಬರೆ ತಿರುಗಿಸಿದ್ದರೆ ತೆರೆದಿಟ್ಟಂತೆಯೇ.

ಟೆಂಟ್ ಹಾಕುವ ಮುಂಚೆ ಸುತ್ತ ಒಮ್ಮೆ ನಡೆದು ನೋಡಿ. ಹಸಿ ಲದ್ದಿ, ಮಗುಚಿದ ಕಲ್ಲು, ಸೀಳಿದ ಕೊಳೆತ ದಿಮ್ಮಿ, ತೊಗಟೆಯ ಮೇಲೆ ಉಗುರಿನ ಗೀರು, ಒಂದೇ ಕಡೆ ಮುತ್ತಿದ ಕಾಗೆಗಳು ಕಂಡರೆ ಜಾಗ ಬದಲಿಸಿ.

ಈ ಕಟ್ಟುನಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ 1910ರಲ್ಲಿ ಆರಂಭವಾದಂದಿನಿಂದ ಅಲ್ಲಿ ಕರಡಿಯಿಂದ ಒಬ್ಬರೂ ಸತ್ತಿರಲಿಲ್ಲ. 1967ರ ಆಗಸ್ಟ್ 13ರಂದು ಒಂದೇ ರಾತ್ರಿ, ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಎರಡು ಗ್ರಿಜ್ಲಿಗಳು ಬಯಲಲ್ಲಿ ಮಲಗಿದ್ದ ಇಬ್ಬರು ಯುವತಿಯರನ್ನು ಕೊಂದವು. ಇಬ್ಬರಿಗೂ 19 ವರ್ಷ. ಒಂದು ಕಡೆ ತಂಗುದಾಣದ ಎಂಜಲಿಗೆ ಕರಡಿಗಳು ಬರುವುದನ್ನು ಪ್ರವಾಸಿಗರು ನೋಡಿ ಸಂತೋಷಪಡುತ್ತಿದ್ದರು. ಇನ್ನೊಂದು ಕಡೆಯ ಕರಡಿ ಆ ಬೇಸಿಗೆಯಿಡೀ ಶಿಬಿರಗಳ ಆಹಾರಕ್ಕೆ ನುಗ್ಗಿತ್ತು. ಕಸ ಮತ್ತು ಆಹಾರದ ನಿಯಮಗಳು ಬಿಗಿಯಾದದ್ದು ಆಮೇಲೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯ ಗತಿಯೂ ಸಾಮಾನ್ಯವಾಗಿ ಗುಂಡೇಟೇ. ಕರಡಿಯೂ ದೇವರ ಸೃಷ್ಟಿ ಎನ್ನುವವರಿಗೆ ಆಹಾರ ಭದ್ರ ಮಾಡುವುದು ಅದರ ಜೀವ ಉಳಿಸುವ ಕೆಲಸವೂ ಹೌದು.

ಪ್ರಾರ್ಥಿಸಿದೆವು, ಕರಡಿ ಹೊರಟುಹೋಯಿತು ಎನ್ನುವವರು ಮನಸಾರೆ ಕೃತಜ್ಞರಾಗಿರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಉಪಾಯವೆಂದು ಇನ್ನೊಬ್ಬರಿಗೆ ಕಲಿಸಬೇಡಿ. ಗಾಯಗೊಂಡವರಿಗೆ, ಮಗಳನ್ನು ಕಳೆದುಕೊಂಡವರಿಗೆ ನಿಮ್ಮ ನಂಬಿಕೆ ಸಾಲಲಿಲ್ಲ ಎಂದು ಹೇಳಿದಂತಾಗುತ್ತದೆ. ಅದು ಸುಳ್ಳು, ಕ್ರೂರವೂ ಹೌದು.

ಎಲ್ಲ ಮುಗಿದ ಮೇಲೆ ಮೈ ನಡುಗುವುದು, ಅಳು ಬರುವುದು ಸಹಜ. ಗಾಯವಾಗಿದ್ದರೆ ಮೊದಲು ಒತ್ತಿ ರಕ್ತ ನಿಲ್ಲಿಸಿ. ಕಚ್ಚಿದ, ಪರಚಿದ ಜಾಗವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಧನುರ್ವಾಯು ಮತ್ತು ರೇಬೀಸ್ ಲಸಿಕೆಯ ಬಗ್ಗೆ ತಪ್ಪದೆ ಕೇಳಿ. ಗಾಯವಿಲ್ಲದಿದ್ದರೂ ಅರಣ್ಯ ಸಿಬ್ಬಂದಿಗೆ ಹೇಳಿ: ಎಷ್ಟು ಹೊತ್ತಿಗೆ ಬಂತು, ಯಾವ ಕಡೆ ಹೋಯಿತು, ಮರಿ ಇತ್ತೇ, ಏನಾದರೂ ತಿಂದಿತೇ, ಕಿವಿಯಲ್ಲಿ ಬಿಲ್ಲೆ ಇತ್ತೇ.

ಮುಂದಿನ ಸಲ ಮಗು ಟೆಂಟಿನಲ್ಲಿ ಮಲಗಲು ಹೆದರಿದರೆ, ಹೆದರಬೇಡ ಎನ್ನುವ ಬದಲು ಅದಕ್ಕೊಂದು ಕೆಲಸ ಕೊಡಿ. ಸಂಜೆ ಬೆಳಕಿರುವಾಗಲೇ ಕೈ ಹಿಡಿದುಕೊಂಡು ಆಹಾರದ ಡಬ್ಬಿ ಇಡುವ ಜಾಗಕ್ಕೆ ಹೋಗಿ, ನಿಮ್ಮ ಹೆಜ್ಜೆಗಳನ್ನು ಅದು ಎಣಿಸಲಿ. ದೊಡ್ಡವರ ಹೆಜ್ಜೆಯಲ್ಲಿ 120 ಆದರೆ ಸುಮಾರು 90 ಮೀಟರ್. ಮುಚ್ಚಳವನ್ನೂ ಅದೇ ತಿರುಗಿಸಲಿ.