ಬಾಂಡ್ ಬರೆಸಿದರೆ ಹುಡುಗರು ನಿಲ್ಲುತ್ತಾರಾ?

ಕಾಸರಗೋಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ನಡೆಸುವವರು ನಾಲ್ಕು ಜನ ಸೇರಿದರೆ ಮಾತು ಇದಕ್ಕೇ ಬರುತ್ತದೆ: "ಕಲಿಸಿದ್ದು ನಾವು, ಕರಕೊಂಡು ಹೋದದ್ದು ಮಂಗಳೂರಿನವರು." ಸುಳ್ಳಲ್ಲ. ಮಂಗಳೂರು ಇಲ್ಲಿಂದ ಸುಮಾರು 50 ಕಿಲೋಮೀಟರ್. ಬೆಳಗ್ಗೆ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಬೆಂಗಳೂರಿನ ಕೆಲವು ಕಂಪನಿಗಳಂತೂ ಮನೆಯಲ್ಲೇ ಕೂತು ಮಾಡಿ ಎನ್ನುತ್ತವೆ. ಸಂಬಳದಲ್ಲಿ ಅವರ ಜೊತೆ ಪೈಪೋಟಿಗಿಳಿಯುವುದು ನಮ್ಮಂಥ ಸಣ್ಣ ಆಫೀಸಿಗೆ ಆಗುವ ಮಾತಲ್ಲ.

ಹಾಗಾಗಿ ಮೊದಲು ಕೈಗೆ ಸಿಗುವುದು ಬಾಂಡ್. ಎರಡು ವರ್ಷ ಬಿಡಬಾರದು, ಬಿಟ್ಟರೆ ಬೇರೆ ಏಜೆನ್ಸಿ ಸೇರಬಾರದು. ಕೆಲವರು ಮಾರ್ಕ್ಸ್ ಕಾರ್ಡನ್ನೇ ತೆಗೆದಿಟ್ಟುಕೊಳ್ಳುತ್ತಾರೆ. ಕೇಳಿದರೇ ನನಗೆ ಮೈ ಉರಿಯುತ್ತದೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು, ಕೆಲಸ ಬಿಟ್ಟ ಮೇಲೂ ಇನ್ನೊಂದು ಕಡೆ ದುಡಿಯಬಾರದು ಎಂಬ ಷರತ್ತು ನಿಲ್ಲುವುದಿಲ್ಲ. ಅದು ಬಿಡಿ, ಹೋಗಬೇಕೆಂದು ಮನಸ್ಸು ಮಾಡಿದವರನ್ನು ಕಟ್ಟಿ ಕೂರಿಸಿದರೆ ಕ್ಲೈಂಟಿನ ಕೆಲಸ ಹೇಗಾಗುತ್ತದೆ ಅಂತ ಗೊತ್ತಲ್ವಾ?

ಜನರನ್ನು ಆರಿಸುವಾಗಲೇ ಅರ್ಧ ವಿಷಯ ತೀರ್ಮಾನವಾಗಿರುತ್ತದೆ. ಗೂಗಲ್‌ನದೇ ತರಬೇತಿ ತಾಣ ಸ್ಕಿಲ್‌ಶಾಪ್‌ನ ಜಾಹೀರಾತು ಪರೀಕ್ಷೆಗಳು ಉಚಿತ, ಮನೆಯಲ್ಲೇ ಕೂತು ಬರೆಯುವುದು, ಸರ್ಟಿಫಿಕೇಟಿನ ಅವಧಿ ಒಂದು ವರ್ಷ. ಅದನ್ನು ನೋಡಿ ಕೆಲಸ ಕೊಡುವುದಿಲ್ಲ ನಾನು. ಒಂದು ಬಟ್ಟೆ ಅಂಗಡಿಯ ಸರ್ಚ್ ಟರ್ಮ್ಸ್ ರಿಪೋರ್ಟನ್ನು ಪ್ರಿಂಟ್ ತೆಗೆದು ಕೈಗೆ ಕೊಡುತ್ತೇನೆ. ಜನ ಏನೇನು ಹುಡುಕಿದಾಗ ಅಂಗಡಿಯ ಜಾಹೀರಾತು ಕಾಣಿಸಿತು ಎಂಬ ಪಟ್ಟಿ ಅದು. ಅರ್ಧ ದಿನ ಕೂತು ನೋಡಿ ಎನ್ನುತ್ತೇನೆ. ಆ ಅರ್ಧ ದಿನಕ್ಕೂ ದುಡ್ಡು ಕೊಡುತ್ತೇನೆ.

ಬದಿಯಡ್ಕ ಕಡೆಯ ಒಬ್ಬಳು ಬಿಕಾಂ ಹುಡುಗಿ ಪೆನ್ನು ಹಿಡಿದು ಗೆರೆ ಎಳೆಯುತ್ತಾ ಹೋದಳು. "ಸರ್, 'ಕಾಸರಗೋಡು ಸೀರೆ' ಅಂತ ಹುಡುಕುವವರಿಗೆ ಬೇಕಾದ್ದು ಕೈಮಗ್ಗದ ಸೀರೆ. ಈ ಅಂಗಡಿಯಲ್ಲಿರುವುದು ಸೂರತ್ ಮಾಲು. ಕ್ಲಿಕ್ಕಿನ ದುಡ್ಡು ಸುಮ್ನೆ ಹೋಗ್ತಿದೆ." ಅಂಗಡಿಯಲ್ಲಿ ಕೆಲಸ ಖಾಲಿ ಇದೆಯಾ ಎಂದು ಹುಡುಕಿದವರನ್ನೂ ಹಿಡಿದಳು. ಯಾವ ಪದ ಹುಡುಕಿದರೆ ಜಾಹೀರಾತು ತೋರಿಸಬಾರದೋ ಆ ಬೇಡದ ಪದಗಳ ಪಟ್ಟಿಗೆ ಕನ್ನಡದ 'ಕೆಲಸ', ಮಲಯಾಳದ 'ಜೋಲಿ' ಎರಡನ್ನೂ ಸೇರಿಸಬೇಕು ಎಂದಳು. ಅಷ್ಟು ಸಾಕಾಯಿತು. ಗೂಗಲ್‌ನಲ್ಲಿ ಜಾಹೀರಾತು ಹಾಕುವ ಗೂಗಲ್ ಆಡ್ಸ್‌ನಲ್ಲಿ, ಯಾವ ಊರಿಗೆ ತೋರಿಸಬೇಕು ಎಂಬ ಸೆಟ್ಟಿಂಗ್ ಬದಲಾಯಿಸದಿದ್ದರೆ, ಆ ಊರಿನ ಬಗ್ಗೆ ಆಸಕ್ತಿ ತೋರಿಸಿದ ಹೊರಗಿನವರಿಗೂ ಜಾಹೀರಾತು ಹೋಗುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಕನ್ನಡ, ಮಲಯಾಳ, ತುಳು ಮೂರರಲ್ಲೂ ಗಿರಾಕಿ ಹೇಗೆ ಕೇಳುತ್ತಾನೆ ಎಂಬುದನ್ನು ಯಾವ ಕೋರ್ಸಿನಲ್ಲಿ ಕಲಿಸುತ್ತೀರಿ?

ಇಂಥವರು ನಿಲ್ಲಬೇಕಾದರೆ ಅವರು ಕಂಡುಹಿಡಿದದ್ದನ್ನು ಅವರ ಬಾಯಿಂದಲೇ ಕ್ಲೈಂಟಿಗೆ ಹೇಳಿಸಬೇಕು. ಅನೇಕ ಕಡೆ ರಿಪೋರ್ಟ್ ಮಾಡುವುದು ಹುಡುಗರು, ಮೀಟಿಂಗಿನಲ್ಲಿ ಹೊಗಳಿಸಿಕೊಳ್ಳುವುದು ಯಜಮಾನರು. ಬೇಸರ ಶುರುವಾಗುವುದು ಅಲ್ಲಿ. ಎರಡನೆಯದು ರಾತ್ರಿಯ ವಾಟ್ಸಾಪ್. ಓಣಂ, ದೀಪಾವಳಿ, ಪೆರ್ನಾಳ್ (ಈದ್) ಎಲ್ಲ ಆಚರಿಸುವ ಊರು ನಮ್ಮದು. ಪ್ರತಿ ಹಬ್ಬದ ಹಿಂದಿನ ರಾತ್ರಿ ಹತ್ತೂವರೆಗೆ "ಲೋಗೋ ಸ್ವಲ್ಪ ದೊಡ್ಡದು ಮಾಡಿ" ಅಂತ ಬರುತ್ತದೆ. ಡಿಸೈನರ್ ನಂಬರನ್ನು ಕ್ಲೈಂಟಿಗೆ ಕೊಡಲೇಬೇಡಿ. ಹಬ್ಬದ ಪೋಸ್ಟರಿಗೆ ಎರಡು ಸಲ ತಿದ್ದುಪಡಿ, ಆಮೇಲೆ ದುಡ್ಡು ಅಂತ ಮೊದಲೇ ಬರೆದುಕೊಡಿ. ಜಗಳ ಯಜಮಾನರು ಆಡಬೇಕು, ಅದಕ್ಕೇ ಅವರು ಯಜಮಾನರು.

ಇಷ್ಟಾದರೂ ಕೆಲವರು ಹೋಗುತ್ತಾರೆ. ಅದಕ್ಕೆ ತಯಾರಿ ಸೇರಿದ ದಿನವೇ ಆಗಬೇಕು. ಕ್ಲೈಂಟಿನ ಫೇಸ್‌ಬುಕ್ ಪೇಜಿನ ಪೂರ್ತಿ ಹಿಡಿತ ನೌಕರರ ಖಾಸಗಿ ಖಾತೆಯಲ್ಲಿ ಮಾತ್ರ ಇದ್ದರೆ, ರಾಜೀನಾಮೆ ಬಂದಾಗ ಎರಡೂ ಕಡೆ ಅನುಮಾನ, ಬೈಗುಳ. ಪೇಜನ್ನು ಕ್ಲೈಂಟಿನದೇ ಮೆಟಾ ಬಿಸಿನೆಸ್ ಖಾತೆಯಲ್ಲಿಟ್ಟು, ಪಾಸ್‌ವರ್ಡ್ ಹಂಚದೆ, ಒಬ್ಬೊಬ್ಬರ ಹೆಸರಿಗೂ ಅವರ ಕೆಲಸಕ್ಕೆ ತಕ್ಕ ಅನುಮತಿ ಕೊಡಿ. ಗೂಗಲ್ ಆಡ್ಸಿಗೆ, ಹಲವು ಕ್ಲೈಂಟುಗಳ ಖಾತೆಗಳನ್ನು ಏಜೆನ್ಸಿ ಒಂದೇ ಕಡೆಯಿಂದ ನೋಡಿಕೊಳ್ಳುವ ಮ್ಯಾನೇಜರ್ ಅಕೌಂಟ್ ಇದೆ. ಕೊನೆಯ ದಿನ ಹೆಸರು ತೆಗೆದು, ಬಾಕಿ ಸಂಬಳ ಕೊಟ್ಟು, ಚಹಾ ಕುಡಿಸಿ ಕಳಿಸಬಹುದು. ಹಾಗೆ ಹೋದವರಲ್ಲಿ ಕೆಲವರು ಓಣಂ ಸೀಸನ್ನಿನಲ್ಲಿ ಫೋನ್ ಮಾಡಿದರೆ ಈಗಲೂ ಭಾನುವಾರ ಬಂದು ಕೆಲಸ ಮಾಡಿಕೊಡುತ್ತಾರೆ.