ಟೋಕಿಯೊದ ಖಾಲಿ ಗ್ಯಾಲರಿ, ನಮ್ಮ ಪಡಸಾಲೆಯ ಗಾಳಿ

2021ರ ಆಗಸ್ಟ್ 5ರ ಬೆಳಿಗ್ಗೆ ಭಾರತದ ಪುರುಷರ ಹಾಕಿ ತಂಡ ಜರ್ಮನಿಯನ್ನು 5-4ರಿಂದ ಮಣಿಸಿ ಕಂಚು ಗೆದ್ದಿತು. ಒಲಿಂಪಿಕ್ಸ್ ಹಾಕಿಯಲ್ಲಿ 41 ವರ್ಷಗಳ ಮೇಲೆ ಬಂದ ಪದಕ. ಅದೇ ದಿನ ಟೋಕಿಯೊ ನಗರದಲ್ಲಿ 5,042 ಹೊಸ ಕೋವಿಡ್ ಪ್ರಕರಣ ದಾಖಲಾದವು. ಅಲ್ಲಿಯತನಕ ಆ ಊರು ಒಂದೇ ದಿನ ಅಷ್ಟು ಕಂಡಿರಲಿಲ್ಲ. ಗದಗ-ಬೆಟಗೇರಿಯ, ಹುಬ್ಬಳ್ಳಿ ಸೆಟ್ಲಮೆಂಟಿನ ಹಾಕಿ ಮಂದಿಗೆ ಎರಡೂ ಸುದ್ದಿ ಒಂದೇ ಟಿವಿಯಲ್ಲಿ, ಒಂದರ ಹಿಂದೆ ಒಂದು ಬಂದವು.

ಆ ಬೇಸಿಗೆಯನ್ನು ಮರೆತು ಆಟ ನೋಡುವುದು ಆಗದ ಮಾತಾಗಿತ್ತು. ಏಪ್ರಿಲ್ 27ರಿಂದ ರಾಜ್ಯ ಬಂದ್ ಆಗಿತ್ತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ತಂದ ಹಾಕಿ ತಂಡದ ರವೀಂದರ್ ಪಾಲ್ ಸಿಂಗ್ ಮತ್ತು ಎಂ.ಕೆ. ಕೌಶಿಕ್ ಇಬ್ಬರೂ ಮೇ 8ರಂದು, ಒಂದೇ ದಿನ, ಕೋವಿಡ್‌ಗೆ ಬಲಿಯಾದರು. ಜೂನ್ 18ಕ್ಕೆ ಮಿಲ್ಖಾ ಸಿಂಗ್ ಹೋದರು. ಕಸುವುಳ್ಳ ಮೈಗೆ ಈ ರೋಗ ತಾಗದು ಎಂಬ ನಂಬಿಕೆ ಅಷ್ಟರಲ್ಲಾಗಲೇ ಬೆಂಗಳೂರಿನಲ್ಲೇ ಸುಳ್ಳಾಗಿತ್ತು: ಏಪ್ರಿಲ್‌ನಲ್ಲಿ ಅಲ್ಲಿನ ಶಿಬಿರಕ್ಕೆ ಬಂದ ಮಹಿಳಾ ಹಾಕಿ ತಂಡದ ನಾಯಕಿ ರಾಣಿ ರಾಂಪಾಲ್ ಸೇರಿ ಏಳು ಆಟಗಾರ್ತಿಯರಿಗೆ ಸೋಂಕು ಹತ್ತಿತ್ತು. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಸಾಕು ಎಂಬ ಮಾತು ಉತ್ತರ ಕರ್ನಾಟಕದ ತುಂಬ ಹಬ್ಬಿದ್ದೂ ಅದೇ ತಿಂಗಳು. ಅದರಿಂದ ಮೂಗಿನೊಳಗಿನ ತೆಳುಪೊರೆ ಉರಿಯುತ್ತದೆ. ವೈರಸ್ ಇರುವುದು ಜೀವಕೋಶದ ಒಳಗೆ, ರಸ ಅಲ್ಲಿಗೆ ಹೋಗುವುದೇ ಇಲ್ಲ.

ಜಪಾನಿನವರಿಗೂ ಇದೇ ಇಬ್ಬಂದಿ. ಮೇ ತಿಂಗಳ ಅಸಾಹಿ ಪತ್ರಿಕೆಯ ಸಮೀಕ್ಷೆಯಲ್ಲಿ ನೂರಕ್ಕೆ 83 ಜನ ಕೂಟ ರದ್ದಾಗಲಿ ಇಲ್ಲವೆ ಮತ್ತೆ ಮುಂದಕ್ಕೆ ಹೋಗಲಿ ಎಂದರು. ಜುಲೈ 23ರ ಉದ್ಘಾಟನೆಯನ್ನು ಟೋಕಿಯೊ ಸುತ್ತಲಿನ ಅರ್ಧಕ್ಕಿಂತ ಹೆಚ್ಚು ಮನೆಗಳು ನೋಡಿದವು. ಇದನ್ನು ಚಂಚಲತೆ ಎಂದು ಬೈದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ರೀಡಾಗ್ರಾಮದ ಒಳಗೆ ಏನಾದೀತು ಎಂಬುದು ಒಂದು ಲೆಕ್ಕ, ಆಟ ನೋಡಲು ಗುಂಪು ಕೂಡುವ ಊರುಗಳಲ್ಲಿ ಏನಾದೀತು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ, ಹಾಗಾಗಿ ಆಸೆಯೂ ಸರಿ, ಅಂಜಿಕೆಯೂ ಸರಿ.

ಒಳಗಿನ ಲೆಕ್ಕ ಮೊದಲು. ‘ಬಯೋ ಬಬಲ್’, ಅಂದರೆ ಆಟಗಾರರನ್ನು ಹೊರಗಿನವರಿಂದ ಬೇರೆ ಇಡುವ ಏರ್ಪಾಡು, ಎಂದೊಡನೆ ಗಾಜಿನ ಗೋಡೆ ಕಣ್ಣಿಗೆ ಬರುತ್ತದೆ. ನಿಜಕ್ಕೂ ಅದು ಜರಡಿ ಮೇಲೆ ಜರಡಿ. ವಿಮಾನ ಹತ್ತುವ ಮುಂಚಿನ 96 ಗಂಟೆಯಲ್ಲಿ ಎರಡು ಪರೀಕ್ಷೆ, ಇಳಿದಾಗ ಒಂದು, ಆಮೇಲೆ ದಿನಾಲೂ ಒಂದು. ಆಟ ಮುಗಿದ 48 ಗಂಟೆಯೊಳಗೆ ಊರಿಗೆ ವಾಪಸ್. ಒಂದು ಜರಡಿ ಯಾಕೆ ಸಾಲದು ಎಂಬುದಕ್ಕೆ ಮೊಸರಿನ ಗಡಿಗೆ ನೋಡಿ. ರಾತ್ರಿ ಹತ್ತಕ್ಕೆ ಹಾಲಿಗೆ ಹೆಪ್ಪು ಹಾಕಿದ್ದೀರಿ. ಹನ್ನೆರಡಕ್ಕೆ ಗಡಿಗೆ ವಾಲಿಸಿದರೆ ಹಾಲೇ. ಹೆಪ್ಪು ಬಿದ್ದಿರುವುದು ನಿಜ, ವಾಲಿಸಿ ನೋಡುವ ಪರೀಕ್ಷೆಗೆ ಅದು ಗೊತ್ತಾಗುವುದಿಲ್ಲ. ನಾಲಿಗೆಗೆ ಹಚ್ಚಿದರೆ ಮೂರಕ್ಕೆ ಹುಳಿ ಹತ್ತಬಹುದು. ಐದಕ್ಕೆ ಯಾರು ವಾಲಿಸಿದರೂ ಗಟ್ಟಿ. ಆಂಟಿಜೆನ್ ಪರೀಕ್ಷೆ ಎಂದರೆ ವಾಲಿಸುವುದು, ಪಿಸಿಆರ್ ಎಂದರೆ ನಾಲಿಗೆಗೆ ಹಚ್ಚುವುದು. ಆಗ ಹಬ್ಬಿದ್ದ ಕೊರೊನಾ ವೈರಸ್ಸಿನ ಡೆಲ್ಟಾ ತಳಿ ಮೈಸೇರಿ ಪಿಸಿಆರ್‌ಗೆ ಸಿಗಲು ಸುಮಾರು 4 ದಿನ ಬೇಕು. ಸೋಮವಾರ ಸೋಂಕು ಹತ್ತಿದವರ ಮಂಗಳವಾರದ ‘ನೆಗೆಟಿವ್’ ಚೀಟಿ ಹನ್ನೆರಡು ಗಂಟೆಯ ಹಾಲು, ಅಷ್ಟೇ.

ಡೆಲ್ಟಾ ಹೆಚ್ಚಿದ್ದ ಭಾರತದಂಥ ದೇಶಗಳವರಿಗೆ ಹೊರಡುವ ಮುಂಚೆ 7 ದಿನ ದಿನಾಲೂ ಪರೀಕ್ಷೆ, ಇಳಿದ ಮೇಲೆ 3 ದಿನ ಬೇರೆ ತಂಡಗಳ ಜತೆ ಬೆರೆಯುವಂತಿಲ್ಲ ಎಂದಾಗ ನಮ್ಮ ಒಲಿಂಪಿಕ್ ಸಂಸ್ಥೆ ಅದನ್ನು ತಾರತಮ್ಯ ಎಂದಿತು. ಅಭಿಮಾನಿಗಳೂ ಸಿಟ್ಟಾದರು. ಹೆಪ್ಪಿನ ಲೆಕ್ಕ ತಿಳಿದವರು ಮಾತ್ರ ಆ ನಿಯಮವನ್ನು ಒಪ್ಪಲೇಬೇಕಿತ್ತು.

ತಪ್ಪು ಇನ್ನೊಂದು ಕಡೆಯಿಂದಲೂ ಆಗುತ್ತದೆ. ದಿನಕ್ಕೆ 10,000 ಪರೀಕ್ಷೆ, ಸಾವಿರಕ್ಕೊಂದು ಸುಳ್ಳು ‘ಪಾಸಿಟಿವ್’ ಎಂದುಕೊಳ್ಳಿ. ಏನೂ ಇಲ್ಲದ ಹತ್ತು ಜನ ದಿನಾಲೂ ಆಟ ಕಳೆದುಕೊಳ್ಳಬೇಕಾಗುತ್ತದೆ. ಅದಕ್ಕೇ ಮೂರು ಮೆಟ್ಟಿಲು: ಮೊದಲು ಜೊಲ್ಲಿನ ಆಂಟಿಜೆನ್ ಪರೀಕ್ಷೆ, ಸಂಶಯ ಬಂದರೆ ಅದೇ ಜೊಲ್ಲಿನ ಪಿಸಿಆರ್, ಅದೂ ಹೌದೆಂದರೆ ಮೂಗಿನ ಆಳದಿಂದ ತೆಗೆದ ಮಾದರಿಯ ಪಿಸಿಆರ್. ಜೊಲ್ಲು ಕೊಡುವ ಅರ್ಧ ಗಂಟೆ ಮುಂಚೆ ತಿನ್ನಬಾರದು, ಕುಡಿಯಬಾರದು, ಹಲ್ಲುಜ್ಜಬಾರದು. ಇಲ್ಲದಿದ್ದರೆ ಮಾದರಿ ತೆಳುವಾಗಿ ಫಲಿತಾಂಶ ಕೆಡುತ್ತದೆ. ಹೀಗೆ ನಡೆದ 6 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಸೋಂಕು ಸಿಕ್ಕಿದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಜರಡಿ ಕೆಲಸ ಮಾಡಿತು.

ಎಲ್ಲ ಏರ್ಪಾಡೂ ಇಷ್ಟು ಚೊಕ್ಕವಾಗಿರಲಿಲ್ಲ. ಪದಕ ತಟ್ಟೆಯಲ್ಲಿ ಬಂತು, ಗೆದ್ದವರೇ ಎತ್ತಿ ಕೊರಳಿಗೆ ಹಾಕಿಕೊಂಡರು. ಊಟದ ಮೇಜುಗಳ ನಡುವೆ ಅಕ್ರಿಲಿಕ್ ಹಾಳೆ ನಿಂತವು. ಎರಡೂ ಹಳೆಯ ತಿಳಿವಳಿಕೆಯ ಕೂಸುಗಳು: ರೋಗ ಮುಟ್ಟಿದ್ದರಿಂದ ಬರುತ್ತದೆ, ಇಲ್ಲವೆ ದಪ್ಪ ಹನಿಯಾಗಿ ಹಾರಿ ಮೂರಡಿಯೊಳಗೆ ಬೀಳುತ್ತದೆ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಇದು ಗಾಳಿಯಿಂದ ಹರಡುವ ರೋಗ ಅಲ್ಲ ಎಂದು ಸಾರಿತ್ತು. ಮಾತು ತಿದ್ದಿಕೊಳ್ಳಲು ವರ್ಷದ ಮೇಲಾಯಿತು.

ಗಾಳಿಯಿಂದ ಹರಡುವುದು ಅಂದರೇನು ಎಂಬುದನ್ನು ಹಾವೇರಿ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಘಾಟು ಕಡಿಮೆ; ಅದರ ಜತೆ ಗುಂಟೂರು ಕಾಯಿ ಬಾಂಡಲಿಗೆ ಬಿದ್ದು ಹುರಿಯತೊಡಗಲಿ. ಒಲೆ ಮುಂದೆ ನಿಂತವರಿಗೆ ಮೊದಲು ಕೆಮ್ಮು. ಎರಡು ನಿಮಿಷಕ್ಕೆ ಪಡಸಾಲೆಯಲ್ಲಿ ಕುಳಿತವರೂ ಕೆಮ್ಮುತ್ತಾರೆ, ಅವರು ಬಾಂಡಲಿ ಮುಟ್ಟಿಲ್ಲ, ಆರಡಿಗಿಂತ ದೂರ ಇದ್ದಾರೆ. ನಡುವೆ ಒಂದು ಹಾಳೆ ಹಿಡಿಯಿರಿ, ಘಾಟು ಸುತ್ತಿ ಬರುತ್ತದೆ. ಸೀಲಿಂಗ್ ಫ್ಯಾನ್ ಹಚ್ಚಿದರೆ ಕೋಣೆಯ ಮೂಲೆ ಮೂಲೆಗೆ ಮುಟ್ಟುತ್ತದೆ. ಅದೇ ಕಾಯಿಯನ್ನು ಹಿತ್ತಲಲ್ಲಿ ಹುರಿದರೆ ಗಾಳಿ ಒಯ್ಯುತ್ತದೆ. ಬಾಯಿಂದ ಹೊರಡುವ 100 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹನಿ ನಾಲ್ಕೈದು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 5 ಮೈಕ್ರಾನಿನ ಕಣಕ್ಕೆ, ಗಾಳಿ ಅಲುಗದ ಕೋಣೆಯಲ್ಲಿ, ಒಂದೂವರೆ ಮೀಟರ್ ಇಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಪಿಸುಮಾತಿಗಿಂತ ಗಂಟಲು ಬಿಟ್ಟು ಕೂಗಿದಾಗ ಇಂಥ ಕಣಗಳ ರಾಶಿ ಇಪ್ಪತ್ತು ಪಟ್ಟಿಗೂ ಹೆಚ್ಚು. ಗೋಲು ಬಿದ್ದಾಗ ಯಾರೂ ಪಿಸುಗುಡುವುದಿಲ್ಲವಲ್ಲ.

ಲಸಿಕೆ ಆದವರಿಗೂ ಈ ಲೆಕ್ಕ ತಪ್ಪಿದ್ದಲ್ಲ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ನಂತರ 280ಕ್ಕೂ ಹೆಚ್ಚು ಜನರಲ್ಲಿ ಸೋಂಕು ಕಂಡಿತು. ಬಹುತೇಕರಿಗೆ ಎರಡೂ ಡೋಸ್ ಆಗಿತ್ತು, ಅದರಿಂದಲೇ ಹೆಚ್ಚಿನವರಿಗೆ ರೋಗ ಜೋರಾಗಲಿಲ್ಲ. ಲಸಿಕೆ ಜೀವ ಕಾಯಿತು, ಕೋಣೆಯ ಗಾಳಿಯನ್ನು ಅದು ಶುದ್ಧ ಮಾಡಲಾರದು.

ಇಂಥ ಇಬ್ಬಂದಿ ನಮ್ಮ ಸೀಮೆಗೆ ಹೊಸತೂ ಅಲ್ಲ. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. ಎರಡೇ ವರ್ಷಕ್ಕೆ, 1920ರಲ್ಲಿ, ಬೆಲ್ಜಿಯಂನ ಆಂಟ್ವರ್ಪಿನ ಒಲಿಂಪಿಕ್ಸಿಗೆ ದೊರಾಬ್ಜಿ ಟಾಟಾ ಮುಂದಾಳತ್ವದಲ್ಲಿ ಆರು ಜನ ಭಾರತೀಯರು ಹೊರಟರು. ಅವರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ ಇದ್ದರು. ಚೌಗುಲೆ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಆಗ ಪಂದ್ಯದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು, ನೋಡಲೆಂದು ಇಲ್ಲಿ ಯಾರೂ ಒಂದು ಕೋಣೆಯಲ್ಲಿ ಕೂಡಬೇಕಿರಲಿಲ್ಲ.

ಈಗ ಕೂಡುತ್ತೇವೆ, ಹಾಗಾಗಿ ಹೊರಗಿನ ಲೆಕ್ಕ. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಪಡಸಾಲೆ ಅಂದರೆ ಸುಮಾರು 51 ಘನ ಮೀಟರ್ ಗಾಳಿ. ಇಪ್ಪತ್ತು ಜನ ಕುಳಿತಿದ್ದಾರೆ, ಗಿರಮಿಟ್ ತಟ್ಟೆ ಕೈಯಲ್ಲಿ, ಮಾಸ್ಕ್ ಗದ್ದಕ್ಕೆ. ಸುಮ್ಮನೆ ಕುಳಿತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಇಪ್ಪತ್ತು ಜನಕ್ಕೆ 360 ಲೀಟರ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು, ನಾವು ಬಿಟ್ಟ ಉಸಿರಿನಲ್ಲಿ 40,000 ಪಾಲು. ಬಾಗಿಲು, ಕಿಟಕಿ ಬಿಗಿಯಾಗಿ ಹಾಕಿದ್ದರೆ ಮೊದಲ ಕ್ವಾರ್ಟರಿನ 15 ನಿಮಿಷ ಮುಗಿಯುವುದರೊಳಗೆ ಕೋಣೆ 2,000 ದಾಟುತ್ತದೆ. ಅಂದರೆ ನೀವು ಒಳಗೆಳೆಯುವ 25 ಉಸಿರಿನಲ್ಲಿ ಒಂದು, ಇನ್ನೊಬ್ಬರು ಆಗಲೇ ಬಿಟ್ಟದ್ದು. ಇನ್ನೂ ಮೂರು ಕ್ವಾರ್ಟರ್ ಬಾಕಿ.

ಏಸಿಯಿಂದ ಇದು ತಗ್ಗುವುದಿಲ್ಲ. ಮನೆಯ ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿ ಬಿಡುತ್ತದೆ. ಸೀಲಿಂಗ್ ಫ್ಯಾನ್ ಕಲಕುತ್ತದೆ, ಅಷ್ಟೇ. ಮಾಡಬೇಕಾದದ್ದು ಇಷ್ಟು: ಸ್ಟ್ಯಾಂಡ್ ಫ್ಯಾನನ್ನು ಒಂದು ಕಿಟಕಿಗೆ ಒತ್ತಿ, ಮುಖ ಹೊರಗೆ ಮಾಡಿ ನಿಲ್ಲಿಸಿ. ಎದುರು ಗೋಡೆಯ ಬಾಗಿಲು ತೆರೆಯಿರಿ. ಪಕ್ಕದ ಕಿಟಕಿ ತೆರೆದರೆ ಹೋದ ಗಾಳಿ ಅಲ್ಲಿಂದಲೇ ತಿರುಗಿ ಬರುತ್ತದೆ, ಅದನ್ನು ಮುಚ್ಚಿ. ಫ್ಯಾನಿನ ಸುತ್ತಲಿನ ಸಂದಿಗೆ ರಟ್ಟು ತುರುಕಿ. ಕೆಲಸ ಆಗುತ್ತಿದೆಯೋ ಎಂದು ನೋಡಲು ಬಾಗಿಲ ಹತ್ತಿರ ಊದುಬತ್ತಿ ಹಿಡಿಯಿರಿ, ಹೊಗೆ ಒಳಗೆ ವಾಲಬೇಕು. ಗಂಟೆಗೆ 500 ಘನ ಮೀಟರ್ ಹೊರಹಾಕಿದರೂ 2,000ದ ಜಾಗದಲ್ಲಿ 1,150ರ ಆಸುಪಾಸು ನಿಲ್ಲುತ್ತದೆ. ಜನ ಇಪ್ಪತ್ತರಿಂದ ಹತ್ತಕ್ಕಿಳಿದರೆ 800ರ ಒಳಗೆ. ಪಂದ್ಯ ಮುಗಿದು ಎಲ್ಲರೂ ಎದ್ದು ಹೋದ ಮೇಲೂ ಇಪ್ಪತ್ತು ನಿಮಿಷ ಫ್ಯಾನ್ ಬಂದ್ ಮಾಡಬೇಡಿ: ಅಷ್ಟು ಹೊತ್ತಿಗೆ ಕೋಣೆಯಲ್ಲಿ ತೇಲುತ್ತಿದ್ದ 100 ಕಣಗಳಲ್ಲಿ ನಾಲ್ಕು ಮಾತ್ರ ಉಳಿದಿರುತ್ತವೆ.