ಸೆಲ್ಫಿ ತೆಗೆದವರೆಲ್ಲ ನಾರ್ಸಿಸಿಸ್ಟ್ ಅಲ್ಲ

‘ಡಾಕ್ಟ್ರೇ, ನನ್ನ ಗಂಡ ನಾರ್ಸಿಸಿಸ್ಟ್.’ ಈಚೆಗೆ ಬಹಳ ಜನ ಮಾತು ಶುರು ಮಾಡುವುದೇ ಹೀಗೆ. ನಾರ್ಸಿಸಿಸ್ಟ್ ಎಂದರೆ ತನ್ನನ್ನೇ ಮೆಚ್ಚಿಕೊಂಡು, ತಾನೇ ಮೇಲು ಎಂದುಕೊಂಡವರು. ಗಂಡ ಅಲ್ಲದಿದ್ದರೆ ಅತ್ತೆ, ಇಲ್ಲವೇ ಬಾಸ್. ಅವರ ನೋವು ನಿಜ. ಆದರೆ ರೀಲ್ಸ್‌ನಲ್ಲಿ ಕೇಳಿದ ಆ ಹೆಸರು ಎಷ್ಟೋ ಸಲ ಹೊಂದುವುದಿಲ್ಲ.

ಮಾನಸಿಕ ಕಾಯಿಲೆ ಗುರುತಿಸಲು ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಗೆ ‘ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್’ ಎಂಬ ಈ ಸಮಸ್ಯೆ ಸೇರಿದ್ದು 1980ರಲ್ಲಿ. ಈಗ ಅದರಲ್ಲಿರುವ 9 ಲಕ್ಷಣಗಳಲ್ಲಿ 5 ಆದರೂ ಕಾಣಬೇಕು. ತಾನೇ ದೊಡ್ಡವನೆಂಬ ಭಾವ, ತೀರದ ಹೊಗಳಿಕೆಯ ಹಸಿವು, ಜನರನ್ನು ಬಳಸಿಕೊಳ್ಳುವುದು, ಎದುರಿನವರ ನೋವು ಮನಸ್ಸಿಗೆ ತಟ್ಟದಿರುವುದು, ಹೀಗೆ. ಅದೂ ಒಂದು ಜಗಳದಲ್ಲಿ ಅಲ್ಲ, ಹರೆಯದಿಂದಲೇ ಶುರುವಾಗಿ ವರ್ಷಗಟ್ಟಲೆ, ಮನೆಯಲ್ಲೂ ಕೆಲಸದಲ್ಲೂ ಸ್ನೇಹದಲ್ಲೂ.

ಈ ಸಮಸ್ಯೆ ಇರುವವರು ತಾವಾಗಿ ಅದಕ್ಕೆಂದು ಬರುವುದು ಕಡಿಮೆ. ಕೆಲಸ ಹೋದಾಗ ಅಥವಾ ಮದುವೆ ಮುರಿದಾಗ, ಖಿನ್ನತೆ ತಡೆಯಲಾರದೆ ಬರುತ್ತಾರೆ. ಎದುರು ಕೂತು ಮಾತಾಡಿದರೆ ದೊಡ್ಡಸ್ತಿಕೆಯ ಕೆಳಗೆ ತುಂಬಾ ನಾಚಿಕೆ ಕಾಣುತ್ತದೆ. ಒಂದು ಸಣ್ಣ ಟೀಕೆ ಸಾಕು, ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಕೆಲವರಂತೂ ಮೆದುಮಾತಿನವರು, ಸಂಕೋಚದವರು. ಅವರನ್ನು ಯಾರೂ ಗುರುತಿಸುವುದೇ ಇಲ್ಲ.

ಹಾಗಾದರೆ ತಪ್ಪು ಈ ಕಾಲದ್ದಾ? ಪೂರ್ತಿ ಹಾಗೆ ಹೇಳಲು ನಾನು ಒಪ್ಪುವುದಿಲ್ಲ. ಹುಟ್ಟಿನಿಂದ ಬಂದ ಸ್ವಭಾವಕ್ಕೂ ಪಾಲಿದೆ, ಬೆಳೆಸಿದ ರೀತಿಗೂ ಇದೆ. ನೆದರ್ಲೆಂಡ್ಸ್‌ನಲ್ಲಿ 565 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಪದೇಪದೇ ನೆನಪಾಗುತ್ತದೆ. ‘ನಮ್ಮ ಮಗು ಬೇರೆಲ್ಲರಿಗಿಂತ ಮೇಲು’ ಎಂದು ನಂಬಿದವರ ಮಕ್ಕಳಲ್ಲಿ ಮುಂದೆ ಈ ಗುಣ ಜಾಸ್ತಿ ಕಂಡಿತು. ಸುಮ್ನೆ ಪ್ರೀತಿ ಸಿಕ್ಕ ಮಕ್ಕಳಲ್ಲಿ ಬೆಳೆದದ್ದು ಆತ್ಮಗೌರವ. ಎಂಥ ವ್ಯತ್ಯಾಸ ಅಲ್ವಾ! ಅಂಕ ಬಂದ ದಿನ ಮಾತ್ರ ಅಪ್ಪಿಕೊಂಡರೆ, ಗೆದ್ದರಷ್ಟೇ ತನಗೆ ಜಾಗ ಎಂದು ಮಗು ಕಲಿಯುತ್ತದೆ.

ಅಂಥ ಮನಸ್ಸಿನ ಕೈಗೆ ಫೋನ್ ಸಿಕ್ಕಾಗ ಹೊಗಳಿಕೆ ಅಂಕಿಯಾಗಿ, ಕ್ಷಣಕ್ಷಣಕ್ಕೂ ಎಣಿಸಲು ಸಿಗುತ್ತದೆ. ಹಳೆಯ ಹಸಿವು ಹೆಚ್ಚುತ್ತದೆ. ಲೈಕ್ ಕಡಿಮೆಯಾದ ದಿನ ಮನೆಯವರ ಮೇಲೆ ರೇಗಾಟ.

ಇದಕ್ಕೆಂದೇ ಮಾತ್ರೆ ಇಲ್ಲ. ಖಿನ್ನತೆ ಇದ್ದರೆ ಅದಕ್ಕೆ ಔಷಧಿ ಕೊಡುತ್ತೇವೆ, ಉಳಿದದ್ದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಮಾತಿನ ಚಿಕಿತ್ಸೆ. ನಿಧಾನ, ಆದರೂ ಬದಲಾದವರಿದ್ದಾರೆ.

ಆ ಹೆಂಗಸಿನ ಗಂಡನನ್ನು ನಾನು ನೋಡಿಲ್ಲ, ಹಾಗಾಗಿ ಹೆಸರು ಹಚ್ಚುವುದಿಲ್ಲ. ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳುತ್ತೇನೆ. ಬೈಗುಳ, ಹೊಡೆತ, ಹೆದರಿಕೆ ಇದ್ದರೆ, ಅವನಿಗೆ ಯಾವ ಕಾಯಿಲೆ ಎಂದು ತಿಳಿಯುವವರೆಗೆ ಅವರು ಕಾಯಬೇಕಿಲ್ಲ.